ಬಾಯಿ ಮುಚ್ಚಿದ ಚಿತ್ರ

ಸಾಗರದಿಂದ ಹೊಸನಗರಕ್ಕೆ ಹೋಗುವ ಬೆಳಗಿನ ಬಸ್ಸನ್ನು ದುಗ್ಗಪ್ಪ ಹತ್ತಿದನೆಂದರೆ ಅವನ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಕಂಬಿ ಹಿಡಿದು ಜೋತಾಡುತ್ತ ಹೋದೇವು, ಅವನ ಪಕ್ಕ ಮಾತ್ರ ಕೂರೆವು ಎನ್ನುವ ಜನ. ಕಂಡಕ್ಟರ್ ಒಬ್ಬನೇ ಹತ್ತಿರ ಬಂದು ಟಿಕೆಟ್ ಹರಿಯುತ್ತ, "ಇವತ್ತು ಯಾವೂರಿಂದ ಕರೆನೋ ದುಗ್ಗಪ್ಪ?" ಎಂದು ಕೇಳುವನು. ದುಗ್ಗಪ್ಪ ಊರಿನ ಹೆಸರು ಹೇಳುವನು. ಆ ಊರಿನ ನೆಂಟರು ಬಸ್ಸಿನಲ್ಲಿದ್ದರೆ ಅವರಿಗೆ ಸಾವಿನ ಸುದ್ದಿ ತಲುಪುತ್ತಿದ್ದದ್ದೇ ಹಾಗೆ. ಒಮ್ಮೆ ಒಬ್ಬ ಹೆಂಗಸು ಅಲ್ಲೇ ಬಸ್ಸಿನಲ್ಲಿ ಎದೆ ಬಡಿದುಕೊಂಡು, "ನಿನ್ನ ಬಾಯಿಗೆ ಹುಳ ಬೀಳ!" ಎಂದು ಇವನಿಗೇ ಶಾಪ ಹಾಕಿದ್ದಳು. ಕೊಂದವನು ಇವನೇ ಏನೋ ಎನ್ನುವ ಹಾಗೆ!

ಅವನ ಕಸುಬು ಸತ್ತವರ ಮುಖ ಬರೆಯುವುದು. ಎದುರಿಗೆ ದುಗ್ಗಪ್ಪ ಎನ್ನುವರು, ಬೆನ್ನ ಹಿಂದೆ ಹೆಣದ ದುಗ್ಗಪ್ಪ. ಇಂದಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಎಪ್ಪತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಒಳ ಊರುಗಳಲ್ಲಿ ಒಂದೇ ಒಂದು ಫೋಟೋ ತೆಗೆಸಿಕೊಳ್ಳದೆ ಹುಟ್ಟಿ, ಮಕ್ಕಳನ್ನು ಹೆತ್ತು, ಸತ್ತುಹೋದವರು ಎಷ್ಟು ಜನ! ಹೆಣವನ್ನು ಜಗಲಿಯಲ್ಲಿ ಮಲಗಿಸಿದ ಮೇಲೆ ಮನೆಯವರಲ್ಲಿ ಯಾರಿಗೋ ಹೊಳೆಯುತ್ತದೆ, "ಅಯ್ಯೋ, ಅಪ್ಪಯ್ಯಂದು ಒಂದು ಫೋಟೋನೂ ಇಲ್ವಲ್ಲೋ." ಬದುಕಿದ್ದಾಗ ಮುಖ ಕೊಟ್ಟು ಮಾತಾಡದವರಿಗೂ ಆಗ ಆ ಮುಖ ಬೇಕು. ಪೇಟೆಯ ಸ್ಟುಡಿಯೋದವನನ್ನು ಕರೆಸಿದರೆ ಅವನು ಹೆಣದ ಫೋಟೋವನ್ನೇ ತೆಗೆದುಕೊಡುತ್ತಾನೆ, ಮೂಗಿಗೆ ಹತ್ತಿ ಇಟ್ಟದ್ದು, ಗಲ್ಲಕ್ಕೆ ಬಟ್ಟೆ ಕಟ್ಟಿದ್ದು ಸಮೇತ. ಅದನ್ನು ಗೋಡೆಗೆ ಹಾಕಿ ಉಣ್ಣುವುದು ಹೇಗೆ ಮಾರಾಯ್ರೆ? ದುಗ್ಗಪ್ಪನಾದರೆ ಸತ್ತವನನ್ನು ನೋಡಿ ಬದುಕಿದವನನ್ನು ಬರೆಯುತ್ತಿದ್ದ.

ಸಾಮಾನು ಬಹಳ ಇರಲಿಲ್ಲ. ಅಂಗಿ ಜೇಬಿನಲ್ಲಿ ಹಿಡಿಯುವ ಸಿಗರೇಟಿನ ತಗಡಿನ ಡಬ್ಬಿ. ಅದರಲ್ಲಿ ಬೆರಳುದ್ದದ ಪೆನ್ಸಿಲ್ ತುಂಡುಗಳು, ಅರ್ಧ ಬ್ಲೇಡು, ನೆಕ್ಕಿ ಗಿಡದ ಕಡ್ಡಿಯನ್ನು ಒಲೆಯ ಕೆಂಡದಲ್ಲಿ ಹುಗಿದು ತಾನೇ ಸುಟ್ಟುಕೊಂಡ ಇದ್ದಿಲು, ಅಳಿಸಲು ಹವಾಯಿ ಚಪ್ಪಲಿಯಿಂದ ಕೊಯ್ದ ರಬ್ಬರು. ಕಾಗದಗಳನ್ನು ಸುರುಳಿ ಸುತ್ತಿ ಬಿದಿರಿನ ಅಂಡೆಯೊಳಗೆ ತುರುಕಿ ಬಾಯಿಗೆ ಮೇಣದ ಬಟ್ಟೆ ಬಿಗಿದರೆ ಆಗುಂಬೆಯ ಮಳೆಯೂ ಏನೂ ಮಾಡುತ್ತಿರಲಿಲ್ಲ. ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟೊಂದು ಕಂಕುಳಲ್ಲಿ. ಇಷ್ಟು ಹಿಡಿದುಕೊಂಡು ಅವನು ಹೋಗದ ಊರಿಲ್ಲ. ಚಿತ್ರ ಮುಗಿದ ಮೇಲೆ ಆ ಮನೆಯಲ್ಲೇ ಒಂದು ಲೋಟ ಗಂಜಿ ತಿಳಿ ಕೇಳಿ, ಬಾಯಿ ತುಂಬಿಕೊಂಡು ಕಾಗದದ ಮೇಲೆ ಸಣ್ಣಗೆ ಉಗ್ಗುತ್ತಿದ್ದ. ಅದು ಒಣಗಿದರೆ ಇದ್ದಿಲು ಅಷ್ಟು ಬೇಗ ಅಳಿಸುವುದಿಲ್ಲ. ಅವನು ಉಗ್ಗುವುದನ್ನು ನೋಡಿ, "ನಮ್ಮಜ್ಜನ ಮುಖಕ್ಕೆ ಉಗಿದ!" ಎಂದು ಕೋಲು ತಂದವರೂ ಉಂಟು.

ಅವನ ಕಸುಬಿಗೆ ಒಂದು ಕಟ್ಟಳೆ ಇತ್ತು. ಕಣ್ಣು ತೆರೆದಿರಬೇಕು. ಬಾಯಿ ಮುಚ್ಚಿರಬೇಕು. ಕೆನ್ನೆ ಗುಳಿಬಿದ್ದಿದ್ದರೆ ತುಂಬಬೇಕು, ಮೆಳ್ಳಗಣ್ಣು ಇದ್ದರೆ ನೇರ ಮಾಡಬೇಕು, ಗಾಯ, ಗಂಟು, ಮಚ್ಚೆ ಯಾವುದೂ ಬೇಡ. ಇದನ್ನು ಅವನಿಗೆ ಯಾವ ಗುರುವೂ ಕಲಿಸಲಿಲ್ಲ, ಜನರೇ ಕಲಿಸಿದರು. "ಸ್ವಲ್ಪ ಚೆಂದ ಮಾಡಿ ಬರಿಯೋ" ಎನ್ನದ ಮನೆಯೇ ಇರಲಿಲ್ಲ. ಸತ್ತ ಎಮ್ಮೆಗೆ ಸೇರು ತುಪ್ಪ ಎನ್ನುತ್ತಾರಲ್ಲ, ಹಾಗೆ. ಬಟ್ಟೆಮಲ್ಲಪ್ಪ ಎಂಬ ಊರಿನ ಹತ್ತಿರ ಒಬ್ಬ ಮಹಾ ಮುಂಗೋಪಿಯ ಚಿತ್ರವನ್ನು ಎಷ್ಟು ಸಾಧುವಾಗಿ ಬರೆದುಕೊಟ್ಟನೆಂದರೆ, ಸತ್ತವನ ಹೆಂಡತಿ ಅಳು ನಿಲ್ಲಿಸಿ ನೋಡಿ, "ಇಂಥವ್ರ ಜೊತೆ ಬಾಳೋ ಯೋಗ ನಂಗೆಲ್ಲಿತ್ತು ಬಿಡಿ" ಎಂದಳಂತೆ.

ಮೊದಲು ಬರೆದದ್ದು ಸ್ವಂತ ಅಪ್ಪನನ್ನು. ಶರಾವತಿಗೆ ಕಟ್ಟೆ ಕಟ್ಟಿ ಊರು ಮುಳುಗಿದಾಗ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದವರಲ್ಲಿ ಇವನ ಮನೆಯವರೂ ಇದ್ದರು. ಸಾಗರದ ಬಾಡಿಗೆ ಗುಡಿಸಲಿನಲ್ಲಿ ಅಪ್ಪ ಜ್ವರ ಬಂದು ಹೋದ. ಊರೂ ಇಲ್ಲ, ಮನೆಯೂ ಇಲ್ಲ, ಈಗ ಮುಖವೂ ಇಲ್ಲ ಎಂದು ಅವ್ವ ಗೋಳಾಡುವುದನ್ನು ನೋಡಲಾಗದೆ, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಹುಡುಗ ಒಲೆಯಿಂದ ಇದ್ದಿಲು ಎತ್ತಿಕೊಂಡ. ಅಪ್ಪನ ಸೊಟ್ಟ ದವಡೆಯನ್ನು ನೆಟ್ಟಗೆ ಮಾಡಿದ. ಅವ್ವ ಸಮಾಧಾನವಾದಳು. ಅಲ್ಲಿಂದ ಶುರುವಾದದ್ದು. ಮುಂದೆ ಮದುವೆಯಾಗಿ ಬಂದ ಕೆರಿಯಮ್ಮ ಮಾತ್ರ ಆ ಚಿತ್ರ ನೋಡಿ, "ಮಾವ ನಿಮ್ಮ ಹಂಗೆ ಇರ್ಲೇ ಇಲ್ವಾ?" ಎಂದು ಕೇಳಿದ್ದಳು. ದುಗ್ಗಪ್ಪನಿಗೂ ಸೊಟ್ಟ ದವಡೆಯೇ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಪೊಲೀಸ್ ಮಂಜುನಾಥಪ್ಪ ಅವನನ್ನು ಹುಡುಕಿಕೊಂಡು ಬಂದ. ಲಾಂಚು ನಿಲ್ಲುವ ಹೊಳೆಬಾಗಿಲಿನ ಆಚೆ ದಡದಲ್ಲಿ, ಶರಾವತಿ ಹಿನ್ನೀರಿನ ಮರಳಿಗೆ ಒಂದು ಹೆಣ ಬಂದು ಬಿದ್ದಿದೆ. ಎಲ್ಲೋ ಮೇಲೆ ಹೊಸನಗರದ ಕಡೆ ಹೊಳೆಗೆ ಬಿದ್ದು ಕೊಚ್ಚಿಕೊಂಡು ಬಂದದ್ದಿರಬೇಕು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಮೈಮೇಲೆ ನೂಲೆಳೆ ಇಲ್ಲ. ಫೋಟೋದವನು ಈ ಮಳೆಯಲ್ಲಿ ಕ್ಯಾಮೆರಾ ತಾರೆನೆಂದ. "ಮುಖ ಒಂದು ಬರೆದುಕೊಡು ಮಾರಾಯ, ನಾಲ್ಕು ಕಡೆ ತೋರಿಸ್ತೀನಿ. ಪಾಪ, ಯಾರ ಮನೆ ಮಗನೋ."

ದುಗ್ಗಪ್ಪ ಹೋದ. ಲಾಂಚಿನಲ್ಲಿ ಹಿನ್ನೀರು ದಾಟಿ, ದಡದಗುಂಟ ಕೆಸರಿನಲ್ಲಿ ನಡೆದು, ಮಂಜುನಾಥಪ್ಪ ಹಿಡಿದ ಕೊಡೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತ. ನೀರು ಕುಡಿದು ಊದಿದ ಮುಖ. ಹುಬ್ಬಿನ ಮೇಲೆ ಕಲ್ಲು ತಾಗಿದ ಗಾಯ. ಎಡಗಿವಿಯ ಹಾಲೆ ಹರಿದು ಎರಡಾಗಿತ್ತು, ಹಳೆಯದು. ಮೇಲಿನ ಸಾಲಿನಲ್ಲಿ ಹಲ್ಲಿನ ಮೇಲೊಂದು ಹಲ್ಲು ಹುಟ್ಟಿ, ತುಟಿ ಮೇಲಕ್ಕೆ ಸರಿದು ಬಾಯಿ ಅರೆ ತೆರೆದಿತ್ತು. ಇಷ್ಟು ಚಿಕ್ಕವನು ಹೀಗೆ ಬೆತ್ತಲೆ ಬಿದ್ದಿದ್ದಾನಲ್ಲ ಎಂದುಕೊಂಡ ದುಗ್ಗಪ್ಪ. ಮೊದಲು ತನ್ನ ಹೆಗಲ ಮೇಲಿನ ಟವೆಲ್ ಹೊದಿಸಿದ. ಆಮೇಲೆ ಕೈ ತನ್ನ ಅಭ್ಯಾಸದ ಹಾದಿ ಹಿಡಿಯಿತು. ಊದಿದ್ದನ್ನು ಇಳಿಸಿತು, ಗಾಯ ಮಾಯಿಸಿತು, ಕಿವಿಯ ಹಾಲೆ ಕೂಡಿಸಿತು, ಕಣ್ಣು ತೆರೆಸಿತು. ಬಾಯಿ ಮುಚ್ಚಿಸಿತು. ಚೆಂದದ ಹುಡುಗನೊಬ್ಬ ಕಾಗದದ ಮೇಲೆ ಎದ್ದು ಕೂತ.

ಗುರುತು ಹಿಡಿಯಲು ಬರೆಯುವ ಚಿತ್ರ ಬೇರೆ, ಗೋಡೆಗೆ ಹಾಕಲು ಬರೆಯುವ ಚಿತ್ರ ಬೇರೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೆಣದ ಮುಖದ ಮೇಲೆ ಒಂದು ಸಲ ಕಣ್ಣಾಡಿಸಿದ್ದ ಮಂಜುನಾಥಪ್ಪನಿಗೂ ಹೊಳೆಯಲಿಲ್ಲ. "ಭೇಷ್, ಜೀವ ಬಂದ ಹಂಗಿದೆ" ಎಂದು ಮಡಚಿ ಇಟ್ಟುಕೊಂಡ. ಹುಡುಗನನ್ನು ದಡದ ಮೇಲೆ, ನೀರು ಏರದಷ್ಟು ಎತ್ತರದಲ್ಲಿ ಹೂಳಿದರು. ದುಗ್ಗಪ್ಪನೂ ಒಂದು ಹಿಡಿ ಮಣ್ಣು ಹಾಕಿದ.

ತಿಂಗಳ ಮೇಲೆ ಮಂಜುನಾಥಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದ, "ಯಾರೂ ಗುರ್ತು ಹಿಡೀಲಿಲ್ಲ ಕಣೋ. ಮೇಗರವಳ್ಳಿ ಕಡೆ ಒಬ್ಳು ವಿಧವೆ, ಮಗ ಕಾಣೆಯಾಗಿದಾನೆ ಅಂತ ಕಂಪ್ಲೇಂಟು ಕೊಟ್ಟಿದ್ಲು. ಅವಳಿಗೂ ತೋರಿಸ್ದೆ. ನೋಡಿದ್ದೇ, ನನ್ನ ಮಗ ಅಲ್ಲ, ನನ್ನ ಮಗ ಅಲ್ಲ ಅಂತ ಕುಣಿದಾಡಿಬಿಟ್ಲು. ನಂಗೆ ಹಾಲು ಹಾಕಿ ಕಾಫಿ ಮಾಡಿಕೊಟ್ಲು ಮಾರಾಯ."

"ಒಂದು ತಾಯಿ ಹೊಟ್ಟೆಯಾದ್ರೂ ತಣ್ಣಗಿರ್ಲಿ" ಎಂದ ದುಗ್ಗಪ್ಪ. ಮನಸ್ಸಿಗೆ ಹಿತವೂ ಆಯಿತು. ಆಮೇಲೆ ಮರೆತ.

ನಾಲ್ಕು ವರ್ಷ ಕಳೆಯಿತು. ಮೇಗರವಳ್ಳಿಯ ಹತ್ತಿರದ ಒಂದು ಊರಿಂದ ಕರೆ ಬಂತು. ಸತ್ತವರು ವಯಸ್ಸಾದ ಗೌಡರೊಬ್ಬರು, ತಂಟೆಯಿಲ್ಲದ ಮುಖ, ಕೆಲಸ ಬೇಗ ಮುಗಿಯಿತು. ಹೆಣ ಎತ್ತಿ, ಮನೆ ತೊಳೆದು, ಜನ ಕರಗಿದ ಮೇಲೆ ದುಗ್ಗಪ್ಪ ಅಂಗಳದ ಅಂಚಿನಲ್ಲಿ ಗಂಜಿ ತಿಳಿ ಒಣಗುವುದನ್ನು ಕಾಯುತ್ತ ಕೂತಿದ್ದ. ಗೌಡರ ತಮ್ಮನ ಹೆಂಡತಿ ಹತ್ತಿರ ಬಂದಳು. ಹೆಸರು ಕನ್ನಮ್ಮ. ಗಂಡ ಎಂದೋ ತೀರಿಹೋಗಿದ್ದ, ಎರಡು ಗದ್ದೆ ಇದ್ದವು, ಮಗಳು ತುಂಗಮ್ಮನ ಜೊತೆ ಪಕ್ಕದ ಮನೆಯಲ್ಲೇ ವಾಸ.

"ನೀವು ನೋಡದಿರೋರ್ನೂ ಬರೀತೀರಂತೆ, ಹೇಳಿದ್ರೆ?"

"ಹೇಳೋರು ಸರಿಯಾಗಿ ಹೇಳಿದ್ರೆ ಬರೀಬಹುದು. ಯಾರು ತೀರ್ಕೊಂಡಿದ್ದು?"

"ಬಿಡ್ತು ಅನ್ನಿ! ತೀರ್ಕೊಂಡಿಲ್ಲ." ಕನ್ನಮ್ಮ ನಕ್ಕಳು. "ನನ್ನ ಮಗ ಗೋಪಾಲ. ಹೊಸನಗರದಾಚೆ ಹುಲಿಕಲ್ ಕಡೆ ಮರ ಲೋಡ್ ಮಾಡೋ ಕೆಲಸಕ್ಕೆ ಅಂತ ಹೋದೋನು ಎಲ್ಲೋ ಘಟ್ಟದ ಕೆಳಗೆ ಸೇರ್ಕೊಂಡಿದಾನೆ. ಹೋಗೋ ದಿನ ಸ್ವಲ್ಪ ಬೈದಿದ್ದೆ, ಆ ಸಿಟ್ಟು ಇರ್ಬೇಕು. ಒಂದು ಚಿತ್ರ ಇದ್ರೆ ನಾಲ್ಕು ಕಡೆ ತೋರಿಸಿ ಹುಡುಕ್ಬಹುದಿತ್ತು."

ಬದುಕಿದವರನ್ನು ಬರೆಯುವ ಅವಕಾಶ ದುಗ್ಗಪ್ಪನಿಗೆ ಸಿಗುತ್ತಲೇ ಇರಲಿಲ್ಲ. ಅವನು ಖುಷಿಯಿಂದಲೇ ಹೊಸ ಕಾಗದ ತೆಗೆದ. ಕನ್ನಮ್ಮ ಹೇಳುತ್ತ ಹೋದಳು. ಅಗಲ ಹಣೆ, ತುಂಗನ ಹಾಗೇ ಕೂಡಿದ ಹುಬ್ಬು. ತುಂಗಮ್ಮನನ್ನು ಎದುರಿಗೆ ಕೂರಿಸಿ, "ಮೂಗು ಇವಳದ್ದೇ, ಸ್ವಲ್ಪ ದಪ್ಪ ಅಷ್ಟೆ" ಎಂದಳು. "ಎಡಗಿವಿ ಹಾಲೆ ಹರಿದಿತ್ತು. ಚಿಕ್ಕವನಿದ್ದಾಗ ಕಿವಿಗೆ ಹಾಕಿದ್ದ ಒಂಟಿ ಎಮ್ಮೆ ಕೋಡಿಗೆ ಸಿಕ್ಕಿ ಹರಿದದ್ದು." ದುಗ್ಗಪ್ಪನ ಕೈ ಅಲ್ಲಿ ಸ್ವಲ್ಪ ನಿಧಾನವಾಯಿತು. "ಮತ್ತೆ ಬಾಯಿ. ಬಾಯಿ ಮುಚ್ಚಿಸ್ಬೇಡಿ, ಅವನ ಬಾಯಿ ಮುಚ್ತಾನೇ ಇರ್ಲಿಲ್ಲ. ಹಲ್ಲಿನ ಮೇಲೆ ಹಲ್ಲು, ಇಲ್ಲಿ. ನಿದ್ದೇಲೂ ನಕ್ಕೋತಾ ಮಲಗಿರೋ ಹಂಗೆ ಕಾಣೋನು."

ದುಗ್ಗಪ್ಪ ಇದ್ದಿಲನ್ನು ಕಾಗದಕ್ಕೆ ಬಲವಾಗಿ ಒತ್ತಿದ. ಅದರ ತುದಿ ಮುರಿಯಿತು. ಅವನು ತಲೆ ಎತ್ತಲಿಲ್ಲ. ಮುಂದಿನದನ್ನು ಕನ್ನಮ್ಮ ಹೇಳಬೇಕಾಗಿರಲಿಲ್ಲ, ಆದರೂ ಅವಳು ಹೇಳುತ್ತಲೇ ಇದ್ದಳು, ಅವನು ಕೇಳಿದಂತೆ ತಲೆಯಾಡಿಸುತ್ತಲೇ ಇದ್ದ. ಗಲ್ಲ, ಕತ್ತಿನ ನರ, ಸುರುಳಿ ಕೂದಲು, ಎಲ್ಲ ತಾವಾಗಿ ಬಂದವು. ಕೊಡೆಯ ಕೆಳಗೆ ಮರಳಿನ ಮೇಲೆ ಮಲಗಿದ್ದವನು ಈಗ ತಾಯಿಯ ಅಂಗಳದಲ್ಲಿ ಕಣ್ಣು ಬಿಟ್ಟು, ಹಲ್ಲು ತೋರಿಸಿ ಕೂತಿದ್ದ.

ಕನ್ನಮ್ಮ ಕಾಗದ ಕೈಗೆತ್ತಿಕೊಂಡಳು. ಆಮೇಲೆ ಮಗಳನ್ನು ಎಳೆದು ತೋರಿಸಿದಳು, ಅಳುತ್ತ ನಗುತ್ತ ಬೆರಳಿನಿಂದ ಆ ಹಲ್ಲು ಮುಟ್ಟಿದಳು. "ಅಯ್ಯೋ, ನನ್ನ ಗೋಪಾಲ! ನೋಡಿದೋರ ಹಂಗೆ ಬರೆದ್ರಲ್ಲ! ಎದುರಿಗೆ ಕೂರಿಸ್ಕೊಂಡು ನೋಡಿದೋರ ಹಂಗೆ! ಹಿಂದೊಂದ್ಸಲ ಪೊಲೀಸ್ನೋರು ಯಾರದೋ ಚಿತ್ರ ತಂದಿದ್ರು. ಮೂತಿ ಗಟ್ಟಿ ಮುಚ್ಕೊಂಡು ರಾಜಕುಮಾರನ ಹಂಗೆ ಕೂತಿದ್ದ. ನನ್ನ ಜೀವ ಹೋಗಿ ಬಂತು ಅವತ್ತು."

ಆಗಲೇ ಹೇಳಿಬಿಡಬೇಕಿತ್ತು. ಬಾಯಿಯವರೆಗೆ ಬಂದದ್ದು ಬಾಯಲ್ಲೇ ಉಳಿಯಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಕೊಟ್ಟ ಕಾಫಿ ಕುಡಿದು ದುಗ್ಗಪ್ಪ ಬಸ್ಸು ಹತ್ತಿದ. ಅದಕ್ಕೂ ಹಾಲು ಹಾಕಿದ್ದಳು.

ಮನೆಗೆ ಬಂದು ಕೆರಿಯಮ್ಮನಿಗೆ ಹೇಳಿದ. ಅವಳು ಕೈಲಿದ್ದ ಸೌಟು ಕೆಳಗಿಟ್ಟು, "ಹೋಗಿ ಹೇಳಿ ಬನ್ನಿ" ಎಂದಳು.

"ಅವಳಿಗೆ ಇರೋದೇ ಅದೊಂದು ಆಸೆ ಕಣೇ. ಅದನ್ನೂ ಕಿತ್ಕೊಳ್ಳೋದಾ?"

"ಆಸೆ ಅಂತೆ, ಆಸೆ! ಸತ್ತೋನಿಗೆ ಒಂದು ತುತ್ತು ಎಡೆ ಇಲ್ಲ, ಬದುಕಿರೋಳಿಗೆ ನೆಮ್ಮದಿ ಇಲ್ಲ. ನಿಮ್ಗೆ ಅವಳ ಮೇಲೆ ಕನಿಕರ ಅಲ್ಲ, ಹೇಳೋಕೆ ಹೆದರಿಕೆ."

ಅದು ನಿಜವೇ. ಹೆದರಿಕೆಗೆ ಕನಿಕರದ ಹೊದಿಕೆ ಹೊದಿಸಿಕೊಂಡು ಅವನು ಒಂದಲ್ಲ, ಎರಡಲ್ಲ, ಮೂರು ವರ್ಷ ತಳ್ಳಿದ. ಆ ಮೂರು ವರ್ಷ ಆ ಚಿತ್ರ ಸುಮ್ಮನಿರಲಿಲ್ಲ. ಕನ್ನಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತೀರ್ಥಹಳ್ಳಿ, ಕೊಪ್ಪ, ಉಡುಪಿ, ಕುಂದಾಪುರ ಎಲ್ಲ ತಿರುಗಿದಳು. ಲಾರಿಯವರಿಗೆ ತೋರಿಸಿದಳು, ಹೋಟೆಲಿನ ಮಾಣಿಗಳಿಗೆ ತೋರಿಸಿದಳು. ಜನರೂ ಎಂಥವರು ನೋಡಿ! ಮುದುಕಿಯ ಮುಖ ನೋಡಿ ಇಲ್ಲ ಎನ್ನಲಾಗದೆ, "ಎಲ್ಲೋ ನೋಡಿದ ಹಂಗಿದೆ ಅಮ್ಮ" ಎನ್ನುವರು. ಅಷ್ಟು ಸಾಕು, ಅವಳು ಮತ್ತೊಂದು ಬಸ್ಸು ಹತ್ತುವಳು. ಅವರವರ ಮಟ್ಟಿಗೆ ಎಲ್ಲರೂ ದುಗ್ಗಪ್ಪನ ಕೆಲಸವನ್ನೇ ಮಾಡುತ್ತಿದ್ದರು.

ತುಂಗಮ್ಮನ ಕಥೆ ಇನ್ನೂ ಕೆಟ್ಟದ್ದು. ಅಪ್ಪನಿಲ್ಲದ ಹುಡುಗಿಗೆ, ಚಿಕ್ಕಪ್ಪ ಒಬ್ಬ ಇದ್ದರೂ, ಅಣ್ಣನೇ ನಿಂತು ಧಾರೆ ಎರೆಯಬೇಕು, ಅವನು ಬಾರದೆ ಮದುವೆ ಇಲ್ಲ ಎಂದು ಕನ್ನಮ್ಮ ದೇವರ ಮುಂದೆ ಹೇಳಿಕೊಂಡುಬಿಟ್ಟಿದ್ದಳು. ಕಮ್ಮರಡಿ ಕಡೆಯ ಸಂಬಂಧವೊಂದು ಬಂದು ಕಾದು ಹೋಯಿತು. ಆರಗದ ಹುಡುಗನೊಬ್ಬ ಎರಡು ಸಲ ಕೇಳಿಸಿ, ಬೇರೆ ಕಡೆ ಮದುವೆಯಾಗಿ, ಮಗುವಿನ ಅಪ್ಪನೂ ಆದ. ದುಗ್ಗಪ್ಪನಿಗೆ ಈ ಸುದ್ದಿಗಳು ಬಸ್ಸಿನಲ್ಲಿ, ಸಾವಿನ ಮನೆಗಳಲ್ಲಿ ಸಿಗುತ್ತಿದ್ದವು. ಕೇಳಿದ ದಿನ ಅನ್ನ ಸೇರುತ್ತಿರಲಿಲ್ಲ. ತಾನು ಮುಚ್ಚಿಸಿದ ಒಂದು ಬಾಯಿ ಆ ಹುಡುಗಿಯ ಪ್ರಾಯವನ್ನು ತಿನ್ನುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಮೇಗರವಳ್ಳಿಯ ಬಸ್ಸಿನ ಹತ್ತಿರ ಹೋಗಿ ಹಿಂದೆ ಬರುತ್ತಿದ್ದ.

ಕೊನೆಗೆ ಅವನು ಹೋಗಲಿಲ್ಲ, ಅವರೇ ಬಂದರು. ಎಂಬತ್ತೈದರ ಬೇಸಗೆಯ ಒಂದು ಮಧ್ಯಾಹ್ನ ತಾಯಿ ಮಗಳು ಸಾಗರದ ಅವನ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೆರಿಯಮ್ಮ ಬೆಲ್ಲ ನೀರು ಕೊಟ್ಟು ಚಾಪೆ ಹಾಸಿದಳು. ತುಂಗಮ್ಮನ ನೆತ್ತಿಯಲ್ಲಿ ಆಗಲೇ ಬಿಳಿ ಕೂದಲು. ಕನ್ನಮ್ಮ ಸೆರಗು ಬಿಚ್ಚಿ ಚಿತ್ರ ತೆಗೆದಳು. ಮಡಿಕೆಗಳಲ್ಲಿ ಕಾಗದ ಹರಿದಿತ್ತು. ಕಂಡವರ ಮುಂದೆಲ್ಲ ಅವಳು ಹಲ್ಲು ಮುಟ್ಟಿ ಮುಟ್ಟಿ ತೋರಿಸಿದ್ದಕ್ಕೆ ಅಲ್ಲಿಯ ಇದ್ದಿಲು ಪೂರಾ ಅಳಿಸಿ, ಬಾಯಿ ಮುಚ್ಚಿದ ಹಾಗೆ ಕಾಣುತ್ತಿತ್ತು.

"ನೋಡಿ, ಹಿಂಗಾಗಿಬಿಟ್ಟಿದೆ. ಹಿಂಗಿದ್ರೆ ಹೆತ್ತೋಳಿಗೂ ಗುರ್ತು ಸಿಗಲ್ಲ. ಇನ್ನೊಂದು ಬರೆದುಕೊಡಿ, ಮಂಗಳೂರಿಗೆ ಹೋಗ್ಬೇಕು. ಅಲ್ಲಿ ಬಂದರಿನಲ್ಲಿ ಯಾರೋ ನೋಡಿದಾರಂತೆ."

ಕೆರಿಯಮ್ಮ ಗಂಡನ ಮುಖ ನೋಡಿದಳು.

ದುಗ್ಗಪ್ಪ ಡಬ್ಬಿ ತೆಗೆದ. ಮಾತಿನಲ್ಲಿ ಹೇಳಲು ಅವನಿಂದ ಈ ಜನ್ಮದಲ್ಲಿ ಆಗುವಂತಿರಲಿಲ್ಲ, ಅದು ಅವನಿಗೇ ತಿಳಿದಿತ್ತು. ರಟ್ಟು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ಈ ಸಲ ಕೈ ಅಭ್ಯಾಸದ ಹಾದಿಗೆ ಎಳೆಯಿತು, ಅವನು ಬಿಡಲಿಲ್ಲ. ಊದಿದ ಕೆನ್ನೆಯನ್ನು ಊದಿದ ಹಾಗೇ ಬರೆದ. ಹುಬ್ಬಿನ ಮೇಲಿನ ಗಾಯ ಬರೆದ. ಹರಿದ ಹಾಲೆ, ಕೂದಲಿಗೆ ಮೆತ್ತಿದ ಮರಳು, ಅರೆ ತೆರೆದ ಬಾಯಿ, ಹಲ್ಲಿನ ಮೇಲಿನ ಹಲ್ಲು. ತುಂಗಮ್ಮ ಹಿಂದಿನಿಂದ ಬಗ್ಗಿ ನೋಡುತ್ತಿದ್ದಳು. ಅವನು ಕಣ್ಣು ಬರೆಯುವಾಗ ಅವಳು ಇನ್ನಷ್ಟು ಹತ್ತಿರ ಬಂದಳು. ಮೂರು ತಾಲ್ಲೂಕಿಗೂ ಗೊತ್ತಿತ್ತು, ದುಗ್ಗಪ್ಪನ ಚಿತ್ರದಲ್ಲಿ ಎಂಥ ಸತ್ತವನೂ ಕಣ್ಣು ಬಿಟ್ಟಿರುತ್ತಾನೆ. ಅವನು ಗೋಪಾಲನ ಕಣ್ಣು ಮುಚ್ಚಿಸಿದ.

"ಅಮ್ಮಾ" ಎಂದಳು ತುಂಗಮ್ಮ.

ಕನ್ನಮ್ಮ ಕಾಗದ ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹೋದಳು. ಬೀದಿಯಲ್ಲಿ ಐಸ್‌ಕ್ಯಾಂಡಿಯವನು ಗಂಟೆ ಬಾರಿಸಿಕೊಂಡು ಹೋದ.

"ಈ ಗಾಯ ನಾನು ಹೇಳಿರ್ಲಿಲ್ಲ" ಎಂದಳು.

"ಇಲ್ಲ."

"ನೀವು ನೋಡಿದೀರಿ."

"ನೋಡಿದೀನಿ ಕನ್ನಮ್ಮ. ಅವತ್ತು ಪೊಲೀಸ್ನೋರು ತಂದ ಚಿತ್ರ ನಾನೇ ಬರೆದದ್ದು. ಹೊಳೆಬಾಗಿಲ ಆಚೆ ದಡಕ್ಕೆ ಬಂದು ಬಿದ್ದಿದ್ದ. ಮಣ್ಣು ಹಾಕಿದೀನಿ ನಾನು. ಅವನು ನಿಮ್ಮ ಮಗ ಅಂತ ನಂಗೆ ಗೊತ್ತಾಗಿದ್ದು ನಿಮ್ಮನೆ ಅಂಗಳದಲ್ಲಿ."

"ಬಾಯಿ?"

"ನಾನೇ ಮುಚ್ಚಿಸಿದ್ದು. ಚೆಂದ ಕಾಣ್ಲಿ ಅಂತ."

ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನು ಕಾದ. ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತ. ಕನ್ನಮ್ಮ ಚಿತ್ರವನ್ನು ಮಡಚದೆ, ಹಾಗೇ ಅಂಗೈಗಳ ಮೇಲೆ ಇಟ್ಟುಕೊಂಡು, "ಎಲ್ಲಿ ಹೂಳಿದ್ದು, ಕರ್ಕೊಂಡು ಹೋಗಿ" ಎಂದಳು. ಆ ರಾತ್ರಿ ಕೆರಿಯಮ್ಮ ಅವರಿಬ್ಬರನ್ನೂ ತನ್ನ ಮನೆಯಲ್ಲೇ ಮಲಗಿಸಿಕೊಂಡಳು. ಯಾರೂ ಮಲಗಲಿಲ್ಲ.

ಬೆಳಗ್ಗೆ ಕೆರಿಯಮ್ಮ ಅನ್ನ, ಮೀನಿನ ಸಾರು ಮಾಡಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಗೋಪಾಲನಿಗೆ ಏನು ಇಷ್ಟ ಎಂದು ತುಂಗಮ್ಮನನ್ನು ಕೇಳಿಯೇ ಮಾಡಿದ್ದಳು. ಸತ್ತವರಿಗೆ ಇಡುವ ಎಡೆ ಅವರಿಗೆ ಇಷ್ಟವಾದದ್ದೇ ಆಗಿರಬೇಕಲ್ಲ. ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿದರು. ಬೇಸಗೆಯಾದ್ದರಿಂದ ನೀರು ಕೆಳಗಿಳಿದು, ಮುಳುಗಿದ್ದ ಕಾಡಿನ ಕರಿ ಬೊಡ್ಡೆಗಳು ಎಲ್ಲೆಡೆ ತಲೆ ಎತ್ತಿದ್ದವು. ಆಚೆ ದಡದಲ್ಲಿ ಇಳಿದು ದುಗ್ಗಪ್ಪ ಮುಂದೆ ನಡೆದ, ಹಿಂದೆ ತಾಯಿ ಮಗಳು.

ನಡೆದ, ನಿಂತ, ಮತ್ತೆ ನಡೆದ, ಹಿಂದಕ್ಕೆ ಬಂದ. ಮಳೆಗಾಲದಲ್ಲಿ ನೀರು ತುಂಬಿದಾಗ ನೋಡಿದ ದಡ ಬೇರೆ, ಈಗ ಕಾಣುವುದು ಬೇರೆ. ಏಳು ವರ್ಷದಲ್ಲಿ ಕುರುಚಲು ಬೆಳೆದು ಎಲ್ಲ ಒಂದೇ ಆಗಿತ್ತು. ಮುಖ ನೋಡುವುದೊಂದನ್ನೇ ಕಲಿತ ಮನುಷ್ಯ, ಅವತ್ತು ಸುತ್ತಲಿನ ಒಂದು ಮರವನ್ನಾಗಲಿ ಒಂದು ಕಲ್ಲನ್ನಾಗಲಿ ಕಣ್ಣೆತ್ತಿ ನೋಡಿರಲಿಲ್ಲ. ಕೇಳೋಣವೆಂದರೆ ಮಂಜುನಾಥಪ್ಪ ಎಲ್ಲಿಗೋ ವರ್ಗವಾಗಿ ಹೋಗಿ ವರ್ಷಗಳೇ ಆಗಿದ್ದವು.

"ಇಲ್ಲೇನಾ?" ಎಂದು ಕೇಳಿದಳು ಕನ್ನಮ್ಮ, ಒಂದು ದಿಬ್ಬದ ಹತ್ತಿರ.

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳೂ ನಂಬುತ್ತಿದ್ದಳು. ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ದುಗ್ಗಪ್ಪ ಅದನ್ನು ನುಂಗಿದ.

"ಗೊತ್ತಾಗ್ತಿಲ್ಲ ಕನ್ನಮ್ಮ. ಇಲ್ಲೇ ಎಲ್ಲೋ. ಜಾಗ ನಂಗೆ ಗುರ್ತು ಸಿಗ್ತಾ ಇಲ್ಲ."

ಕನ್ನಮ್ಮ ಅಲ್ಲೇ ಕೂತಳು. ಎಲೆ ಬಿಚ್ಚಿ ಹರವಿ, ಅನ್ನದ ಮೇಲೆ ಸಾರು ಸುರಿದು, ಕಣ್ಣು ಮುಚ್ಚಿದ ಚಿತ್ರವನ್ನು ಎದುರಿಗಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಇಟ್ಟಳು. ಮೂವರೂ ದೂರ ಸರಿದು ನಿಂತರು. ಕಾಗೆ ಬಂದು ಮುಟ್ಟಬೇಕು. ಸತ್ತವನ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಬರುವುದಿಲ್ಲ, ಆಗ ಉಳಿದವರು ಮಾತು ಕೊಡಬೇಕು. ಬೊಡ್ಡೆಯೊಂದರ ಮೇಲೆ ಎರಡು ಕಾಗೆ ಕೂತಿದ್ದವು, ಇತ್ತ ತಿರುಗಲಿಲ್ಲ.

"ತುಂಗನ ಮದುವೆ ಈ ವರ್ಷವೇ ಮಾಡ್ತೀನಿ ಕಣೋ" ಎಂದು ಕನ್ನಮ್ಮ ನೀರಿನ ಕಡೆಗೆ ಕೂಗಿ ಹೇಳಿದಳು. "ಚಿಕ್ಕಪ್ಪನ ಕೈಲಿ ಧಾರೆ ಎರೆಸ್ತೀನಿ. ಅವತ್ತು ಬೈದದ್ದು ಮನಸ್ಸಿಗೆ ಹಚ್ಕೋಬೇಡ. ಬಾ." ತುಂಗಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಕಾಗೆಗಳು ಕೂತೇ ಇದ್ದವು.

ಬಿಸಿಲು ಏರಿತು. ಅನ್ನ ಒಣಗತೊಡಗಿತು. ಕನ್ನಮ್ಮ ದುಗ್ಗಪ್ಪನ ಕಡೆ ತಿರುಗಿದಳು. ಹಿಂದಿನ ದಿನದಿಂದ ಅವಳು ಅವನ ಮುಖ ನೋಡಿರಲಿಲ್ಲ, ಈಗ ನೋಡಿದಳು. ಸಿಟ್ಟಿಲ್ಲದ ಧ್ವನಿಯಲ್ಲಿ, ನಿಜವಾಗಿಯೂ ಉತ್ತರ ಬೇಕೆನ್ನುವವಳ ಹಾಗೆ ಕೇಳಿದಳು.

"ಅಲ್ಲ ದುಗ್ಗಪ್ಪ, ನನ್ನ ಮಗ ಚೆಂದ ಇರ್ಲಿಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಅವನು ಬಾಯಿ ತೆರೆದ. ಸೊಟ್ಟ ದವಡೆ ಅಲುಗಿತು. ದೂರದಿಂದ ಲಾಂಚಿನವನು ಹೊರಡುವ ಹೊತ್ತಾಯಿತೆಂದು ಕೂಗಿದ. ತುಂಗಮ್ಮ ತಾಯಿಯ ರಟ್ಟೆ ಹಿಡಿದು ತಿರುಗಿಸಿದಳು. ಕಾಗೆ ಮುಟ್ಟದ ಎಲೆಯನ್ನೂ ಚಿತ್ರವನ್ನೂ ಅಲ್ಲೇ ಬಿಟ್ಟು ಮೂವರೂ ದಡದಗುಂಟ ನಡೆದರು.